ಶೆರಿಫ್ ಕಚೇರಿ ಮತ್ತು ನಮ್ಮ ಸುರಕ್ಷತೆ: ಸಾಂತಾ ಕ್ಲಾರಾ ಕೌಂಟಿಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕನ್ನಡ ಮನೆಗಳಿಗೆ ಕೊರತೆಯಿಲ್ಲ. ಆದರೆ ಪೊಲೀಸ್ ವಿಷಯ ಬಂದರೆ ನಮ್ಮಲ್ಲಿ ಬಹಳ ಜನ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕರೆಯಬೇಕಾದಾಗ ಕರೆಯುವುದಿಲ್ಲ. ಇಲ್ಲವೇ ಪೊಲೀಸ್ ಹೆಸರು ಹೇಳಿ ಯಾರೋ ಫೋನ್ ಮಾಡಿದರೆ ಹೆದರಿ ದುಡ್ಡು ಕಳಿಸಿಬಿಡುತ್ತಾರೆ. ಇಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಯಾರೂ ಕೂರಿಸಿಕೊಂಡು ಹೇಳಿಲ್ಲ, ಅದೇ ಕಾರಣ. ಆ ಕೆಲಸವನ್ನು ಇಲ್ಲಿ ಮಾಡಿದ್ದೇನೆ. ಕಾನೂನಿನ ವಿವರಗಳು ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯಗಳಲ್ಲಿ ಬದಲಾಗುತ್ತವೆ. ನಿಮ್ಮ ಮೇಲೆ ಕೇಸು ಆಗಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ವಕೀಲರನ್ನು ಕಾಣಿ.

ಶೆರಿಫ್ ಅಂದರೆ ಯಾರು? ನಮ್ಮ ಜಿಲ್ಲೆಯ ಎಸ್ಪಿ ಇದ್ದ ಹಾಗಾ?

ಕೆಲಸದಲ್ಲಿ ಸ್ವಲ್ಪ ಹೋಲಿಕೆ ಇದೆ. ಆದರೆ ಆ ಕುರ್ಚಿಗೆ ಬರುವ ದಾರಿ ಪೂರ್ತಿ ಬೇರೆ. ನಮ್ಮ ಎಸ್ಪಿಯನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರವೇ ವರ್ಗ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಕೌಂಟಿ ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. ರಾಜ್ಯದಲ್ಲಿ 58 ಕೌಂಟಿಗಳಿವೆ, ಒಂದೊಂದಕ್ಕೂ ಒಬ್ಬ ಶೆರಿಫ್. ಸಾಂತಾ ಕ್ಲಾರಾ ಕೌಂಟಿಯಲ್ಲಿ ಈ ಹುದ್ದೆ 1850ರಿಂದ ಇದೆ. ಈಗಿನ ಸಿಲಿಕಾನ್ ವ್ಯಾಲಿ ಆಗ ಬರೀ ಹೊಲ, ತೋಟ, ದನ ಮೇಯುವ ಬಯಲು.

ಅವಧಿ ಸಾಮಾನ್ಯವಾಗಿ 4 ವರ್ಷ. 2022ರಲ್ಲಿ ಗೆದ್ದವರಿಗೆ ಮಾತ್ರ 6 ವರ್ಷ ಸಿಕ್ಕಿದೆ. ಶೆರಿಫ್ ಚುನಾವಣೆಯನ್ನು ಅಧ್ಯಕ್ಷರ ಚುನಾವಣೆಯ ವರ್ಷಕ್ಕೇ ತರಬೇಕು, ಆಗ ಮತ ಹಾಕುವವರು ಜಾಸ್ತಿ ಇರುತ್ತಾರೆ ಎಂದು ರಾಜ್ಯ ಕಾನೂನು ಬದಲಿಸಿತು. ಹಾಗಾಗಿ ಮುಂದಿನ ಚುನಾವಣೆ 2028ಕ್ಕೆ.

ಶೆರಿಫ್ ಕೈಕೆಳಗೆ ಗಸ್ತು ತಿರುಗುವವರನ್ನು ಡೆಪ್ಯುಟಿ ಅನ್ನುತ್ತಾರೆ. ಗಸ್ತು, ಕೌಂಟಿ ಜೈಲು, ಕೋರ್ಟ್ ಕಟ್ಟಡಗಳ ಕಾವಲು, ಕೋರ್ಟ್ ಆದೇಶ ತಲುಪಿಸುವುದು, ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವುದು, ಇಷ್ಟೂ ಶೆರಿಫ್ ಕಚೇರಿಯ ಕೆಲಸ.

ನಾನಿರೋದು ಕ್ಯುಪರ್ಟಿನೊದಲ್ಲಿ. ಸಿಟಿ ಪೊಲೀಸ್ ಸ್ಟೇಷನ್ ಹುಡುಕಿದರೆ ಸಿಗ್ತಾ ಇಲ್ಲವಲ್ಲ?

ಇದ್ದರೆ ತಾನೇ ಸಿಗುವುದು. ಕ್ಯುಪರ್ಟಿನೊಗೆ ಸ್ವಂತ ಪೊಲೀಸ್ ಇಲಾಖೆಯೇ ಇಲ್ಲ. ಸ್ಯಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್‌ಗೂ ಇಲ್ಲ. ಈ ಮೂರೂ ಊರುಗಳು ಕೌಂಟಿಗೆ ವರ್ಷ ವರ್ಷ ಹಣ ಕಟ್ಟಿ ಶೆರಿಫ್ ಕಚೇರಿಯಿಂದಲೇ ಸೇವೆ ಪಡೆಯುತ್ತವೆ. ಡಿ ಅಂಜಾ ಬುಲೆವಾರ್ಡ್‌ನಲ್ಲಿರುವ ಶೆರಿಫ್ ಉಪಠಾಣೆಯೇ ನಿಮ್ಮ ಸ್ಟೇಷನ್. ಮುಖ್ಯ ಕಚೇರಿ ಸ್ಯಾನ್ ಹೋಸೆಯ ಯಂಗರ್ ಅವೆನ್ಯೂನಲ್ಲಿದೆ. ಯಾವ ಊರಿನ ಮಿತಿಗೂ ಸೇರದ ಬೆಟ್ಟ, ಹಳ್ಳಿ ಭಾಗಗಳೂ ಶೆರಿಫ್‌ಗೆ ಸೇರುತ್ತವೆ.

ಸ್ಯಾನ್ ಹೋಸೆ, ಸಾಂತಾ ಕ್ಲಾರಾ ನಗರ, ಮಿಲ್ಪಿಟಾಸ್ ಇವಕ್ಕೆಲ್ಲ ಅವರದ್ದೇ ಪೊಲೀಸರಿದ್ದಾರೆ. ಸನಿವೇಲ್‌ನದ್ದು ವಿಶೇಷ: ಅಲ್ಲಿ ಪೊಲೀಸರೂ ಅಗ್ನಿಶಾಮಕದವರೂ ಒಂದೇ ಇಲಾಖೆ. ರಸ್ತೆಯ ಈ ಕಡೆ ಕ್ಯುಪರ್ಟಿನೊ, ಆ ಕಡೆ ಸ್ಯಾನ್ ಹೋಸೆ ಆಗಿರುವ ಜಾಗಗಳು ಬೇಕಾದಷ್ಟಿವೆ. ಕಾರು ಕದ್ದರು ಎಂದು ದೂರು ಕೊಡಲು ಹೋದಾಗ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಎಂಬ ಉತ್ತರ ಬಂದರೆ ಅದು ಸಾಗಹಾಕುವ ಮಾತು ಎಂದುಕೊಳ್ಳಬೇಡಿ. ನಿಜವಾಗಿಯೂ ಗಡಿ ಅಲ್ಲಿರಬಹುದು. ತುರ್ತು ಇದ್ದಾಗ ಇದರ ಚಿಂತೆ ನಿಮಗೆ ಬೇಡ. 911ಗೆ ಮಾಡಿ, ಯಾರನ್ನು ಕಳಿಸಬೇಕೆಂದು ಅವರೇ ನೋಡಿಕೊಳ್ಳುತ್ತಾರೆ.

911ಗೆ ಯಾವಾಗ ಮಾಡಬೇಕು? ಸಣ್ಣ ವಿಷಯಕ್ಕೆ ಮಾಡಿದರೆ ಬೈತಾರಾ?

ಜೀವಕ್ಕೆ ಅಪಾಯ, ಬೆಂಕಿ, ಎದೆನೋವು, ಕಣ್ಣೆದುರೇ ನಡೆಯುತ್ತಿರುವ ಕಳ್ಳತನ ಅಥವಾ ಹೊಡೆದಾಟ, ಇವಕ್ಕೆ 911. ನಿನ್ನೆ ರಾತ್ರಿ ಕಾರಿನ ಗಾಜು ಒಡೆದು ಹೋಗಿದ್ದಾರೆ, ಪಕ್ಕದ ಮನೆಯಲ್ಲಿ ನಡುರಾತ್ರಿ ಜೋರು ಸಂಗೀತ, ಇವಕ್ಕೆ ತುರ್ತಲ್ಲದ ನಂಬರ್ ಇದೆ. ಶೆರಿಫ್ ಕಚೇರಿಯ ವೆಬ್‌ಸೈಟಿನಿಂದ ಅದನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಕೆಲವು ಬಗೆಯ ಸಣ್ಣ ಕಳ್ಳತನಗಳಿಗೆ ಆನ್‌ಲೈನ್‌ನಲ್ಲೂ ದೂರು ಕೊಡಬಹುದು.

ಯಾವುದಕ್ಕೆ ಮಾಡಬೇಕೆಂದು ಗೊಂದಲವಾದರೆ 911ಗೇ ಮಾಡಿ. ಯಾರೂ ಬೈಯುವುದಿಲ್ಲ. ನಮ್ಮವರ ತೊಂದರೆ ಇದರ ಉಲ್ಟಾ. ‘ಸುಮ್ನೆ ಯಾಕೆ, ಪೊಲೀಸ್ ಸಹವಾಸ ಬೇಡ’ ಎಂದು ಗಂಟೆಗಟ್ಟಲೆ ಕಾಯುತ್ತಾರೆ. ಎದೆನೋವಿನಂಥ ವಿಷಯದಲ್ಲಿ ಈ ಸಂಕೋಚ ಜೀವ ತೆಗೆಯುತ್ತದೆ.

ಮೊದಲು ವಿಳಾಸ ಹೇಳಿ, ಆಮೇಲೆ ವಿಷಯ. ಲೈನ್ ಕಟ್ಟಾದರೂ ಎಲ್ಲಿಗೆ ಬರಬೇಕೆಂದು ಅವರಿಗೆ ಗೊತ್ತಿರುತ್ತದೆ. ಮಾತಾಡಿದರೆ ಅಪಾಯ ಎನ್ನುವಂತಿದ್ದರೆ 911ಗೆ ಮೆಸೇಜ್ ಕಳಿಸುವ ಸೌಲಭ್ಯವೂ ಇಲ್ಲಿದೆ.

ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾವು ಆಫೀಸಿನಲ್ಲಿದ್ದಾಗ ಏನಾದರೂ ಆದರೆ?

911ನಲ್ಲಿ ಫೋನಿನಲ್ಲೇ ದುಭಾಷಿಗಳನ್ನು ಸೇರಿಸುವ ವ್ಯವಸ್ಥೆ ಇದೆ. ಅಮ್ಮನಿಗೆ ಮೂರೇ ಮಾತು ಕಲಿಸಿ: ಮನೆಯ ವಿಳಾಸ, ‘ಹೆಲ್ಪ್’, ‘ಕನ್ನಡ’. ಹಿಂದಿ ಅಥವಾ ತೆಲುಗು ಬಂದರೆ ಅದನ್ನೂ ಹೇಳಲಿ, ಆ ಭಾಷೆಯ ದುಭಾಷಿ ಬೇಗ ಸಿಗಬಹುದು. ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಕನ್ನಡದಲ್ಲೂ ಬರೆಯಿರಿ. ಒಂದೆರಡು ಸಲ ಸುಳ್ಳು ಸುಳ್ಳೇ ಮಾತಾಡಿಸಿ ಅಭ್ಯಾಸ ಮಾಡಿಸಿ. ಗಾಬರಿಯಲ್ಲಿ ಬಾಯಿಗೆ ಬರುವುದು ಅಭ್ಯಾಸವಾದ ಮಾತು ಮಾತ್ರ.

ಮಗು ಆಟವಾಡುತ್ತಾ 911 ಒತ್ತಿಬಿಟ್ಟಿತು. ಈಗ?

ಇಟ್ಟುಬಿಡಬೇಡಿ. ‘ಗೊತ್ತಿಲ್ಲದೆ ಆಯಿತು, ಎಲ್ಲರೂ ಸುರಕ್ಷಿತ’ ಎಂದು ಹೇಳಿ ಮುಗಿಸಿ. ಮಾತಾಡದೆ ಇಟ್ಟರೆ ಅವರು ತಿರುಗಿ ಮಾಡುತ್ತಾರೆ, ಡೆಪ್ಯುಟಿ ಮನೆಗೂ ಬರಬಹುದು. ಆಫೀಸ್ ಫೋನಿನಿಂದ ಹೊರಗೆ ಹೋಗಲು 9 ಒತ್ತಿ, ಆಮೇಲೆ ಊರಿಗೆ 011 91 ಒತ್ತುವಾಗ ಕೈತಪ್ಪಿ 911 ಆಗುವುದೂ ಉಂಟು. ಆಗಲೂ ಇದೇ ಮಾತು.

ಅಪ್ಪ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಪೊಲೀಸರು ನಿಲ್ಲಿಸಿದರೆ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ, ಮಗನ ಮನೆಗೆ ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ರಸ್ತೆಯಲ್ಲಿ ನಡೆಯುತ್ತಿದ್ದರು. ಯಾರೋ ಅನುಮಾನದ ವ್ಯಕ್ತಿ ಎಂದು ಅಲ್ಲಿಯವರೊಬ್ಬರು ಫೋನ್ ಮಾಡಿದರು. ಬಂದ ನಗರ ಪೊಲೀಸರ ಮಾತು ಅವರಿಗೆ ಅರ್ಥವಾಗಲಿಲ್ಲ. ಒಬ್ಬ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ. ಕುತ್ತಿಗೆಗೆ ಪೆಟ್ಟಾಗಿ ಭಾಗಶಃ ಪಾರ್ಶ್ವವಾಯು ಆಯಿತು. ರಾಜ್ಯದ ಗವರ್ನರ್ ಕ್ಷಮೆ ಕೇಳಿದರು. ಅಧಿಕಾರಿಯ ಮೇಲಿನ ಕ್ರಿಮಿನಲ್ ವಿಚಾರಣೆಯಲ್ಲಿ ಎರಡು ಸಲ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಗುಂಪು) ಒಮ್ಮತಕ್ಕೆ ಬರಲಿಲ್ಲ. ಕೊನೆಗೆ 2016ರ ಜನವರಿಯಲ್ಲಿ ನ್ಯಾಯಾಧೀಶರು ಅವನನ್ನು ಬಿಡುಗಡೆ ಮಾಡಿದರು. ತಪ್ಪು ಆ ಅಜ್ಜನದ್ದು ಒಂದಿಷ್ಟೂ ಇರಲಿಲ್ಲ. ಆದರೂ ನಮ್ಮ ಹಿರಿಯರನ್ನು ನಾವೇ ತಯಾರು ಮಾಡಬೇಕು.

ಏನು ಹೇಳಿಕೊಡಬೇಕು? ಪೊಲೀಸರು ಕರೆದರೆ ನಿಲ್ಲಬೇಕು. ಎರಡೂ ಕೈ ಕಾಣುವಂತಿರಬೇಕು, ಜೇಬಿಗೆ ಹಾಕಬಾರದು. ಬೆನ್ನು ತಿರುಗಿಸಿ ಹೊರಡಬಾರದು. ಅವರ ಮೈ ಮುಟ್ಟಬಾರದು; ನಮ್ಮಲ್ಲಿ ಮಾತಾಡುತ್ತಾ ತೋಳು ಹಿಡಿಯುವ ಅಭ್ಯಾಸ ಬಹಳ. ‘ನೋ ಇಂಗ್ಲಿಷ್, ಕನ್ನಡ’ ಎಂದರೆ ಸಾಕು. ಕುತ್ತಿಗೆಯಲ್ಲಿ ಒಂದು ಕಾರ್ಡ್ ಹಾಕಿ ಕಳಿಸಿ. ಅದರಲ್ಲಿ ಹೆಸರು, ವಿಳಾಸ, ನಿಮ್ಮ ನಂಬರ್, ‘ಕನ್ನಡ ಮಾತ್ರ ಮಾತಾಡುತ್ತಾರೆ’ ಎಂಬ ಮಾತು ಇಂಗ್ಲಿಷಿನಲ್ಲಿರಲಿ. ಕಿವಿ ಮಂದವಿದ್ದರೆ ಅದನ್ನೂ ಬರೆಯಿರಿ. ಅಕ್ಕಪಕ್ಕದ ಮನೆಯವರಿಗೆ ಅಪ್ಪನನ್ನು ಪರಿಚಯ ಮಾಡಿಸಿ. ಗೊತ್ತಿರುವ ಮುಖದ ಬಗ್ಗೆ ಯಾರೂ ಅನುಮಾನದಿಂದ ಫೋನ್ ಮಾಡುವುದಿಲ್ಲ.

ಹಿಂದಿನಿಂದ ಕೆಂಪು ನೀಲಿ ದೀಪ ಬಂತು. ಏನು ಮಾಡಬೇಕು?

ನಿಧಾನ ಮಾಡಿ, ಬಲಗಡೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕಾರಿನಿಂದ ಇಳಿಯಬೇಡಿ. ಊರಿನಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ. ಇಲ್ಲಿ ಅದನ್ನು ಬೆದರಿಕೆ ಎಂದು ತಿಳಿಯುತ್ತಾರೆ. ಕೈಗಳು ಸ್ಟಿಯರಿಂಗ್ ಮೇಲಿರಲಿ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೇಳುತ್ತಾರೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದ್ದರೆ ‘ಅಲ್ಲಿದೆ, ತೆಗೆಯುತ್ತೇನೆ’ ಎಂದು ಹೇಳಿ ಆಮೇಲೆ ಕೈ ಹಾಕಿ.

2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ನಿಯಮವಿದೆ. ಪ್ರಶ್ನೆ ಶುರು ಮಾಡುವ ಮೊದಲು ಯಾಕೆ ನಿಲ್ಲಿಸಿದ್ದು ಎಂದು ಅಧಿಕಾರಿಯೇ ಹೇಳಬೇಕು. ಟಿಕೆಟ್ ಮೇಲೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡ ಹಾಗಲ್ಲ. ಕೋರ್ಟಿಗೆ ಹಾಜರಾಗುತ್ತೇನೆ ಎಂಬ ಮಾತು ಅದು ಅಷ್ಟೇ. ವಾದ ಕೋರ್ಟಿನಲ್ಲಿ ಮಾಡಬಹುದು.

ದುಡ್ಡು ಕೊಟ್ಟು ಮುಗಿಸುವ ಯೋಚನೆ ಮನಸ್ಸಿಗೂ ಬರಬಾರದು. ಸ್ಪೀಡಿಂಗ್ ಟಿಕೆಟ್ ದಂಡದಲ್ಲಿ ಮುಗಿಯುತ್ತದೆ. ಲಂಚ ಕೊಡಲು ಹೋದದ್ದು ದೊಡ್ಡ ಅಪರಾಧವಾಗುತ್ತದೆ.

ಕುಡಿದು ಓಡಿಸುವ ವಿಷಯದಲ್ಲಿ ಇನ್ನೊಂದು ಮಾತು. ರಕ್ತದಲ್ಲಿ 0.08 ಶೇಕಡಾ ಮಿತಿ ಎಂಬುದು ಎಲ್ಲರಿಗೂ ಗೊತ್ತು. ವೀಸಾದಲ್ಲಿರುವವರು ಅರೆಸ್ಟ್ ಆದರೆ ಸಾಕು, ಶಿಕ್ಷೆ ಆಗುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪಾರ್ಟಿಯಿಂದ ಟ್ಯಾಕ್ಸಿ ಮಾಡಿಕೊಂಡು ಬನ್ನಿ.

‘ಶೆರಿಫ್ ಕಚೇರಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಮೇಲೆ ವಾರಂಟ್ ಇದೆ’ ಎಂದು ಫೋನ್ ಬಂತು. ನಿಜವಾ?

ಸುಳ್ಳು. ಇಟ್ಟುಬಿಡಿ.

ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ ನಡೆಯುತ್ತಿರುವ ಮೋಸ ಇದು. ‘ನೀವು ಜ್ಯೂರಿ ಸೇವೆಗೆ ಬರಲಿಲ್ಲ, ಈಗಲೇ ದಂಡ ಕಟ್ಟದಿದ್ದರೆ ಅರೆಸ್ಟ್’ ಎನ್ನುತ್ತಾರೆ. ಫೋನಿನ ಪರದೆಯ ಮೇಲೆ ಶೆರಿಫ್ ಕಚೇರಿಯ ನಿಜವಾದ ನಂಬರೇ ಕಾಣುತ್ತದೆ, ಯಾಕೆಂದರೆ ನಂಬರ್ ನಕಲು ಮಾಡುವುದು ಸುಲಭ. ಬ್ಯಾಡ್ಜ್ ಸಂಖ್ಯೆ ಹೇಳುತ್ತಾರೆ, ನಿಜವಾದ ಡೆಪ್ಯುಟಿಯ ಹೆಸರೂ ಹೇಳುತ್ತಾರೆ. ಆಮೇಲೆ ಗಿಫ್ಟ್ ಕಾರ್ಡ್, ಬಿಟ್‌ಕಾಯಿನ್ ಅಥವಾ ಝೆಲ್ (ಬ್ಯಾಂಕಿನಿಂದ ಹಣ ಕಳಿಸುವ ಸೇವೆ) ಮೂಲಕ ದುಡ್ಡು ಕೇಳುತ್ತಾರೆ. ‘ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ’ ಎಂಬ ಮಾತು ಬಂದ ತಕ್ಷಣ ಮೋಸ ಎಂದು ಖಚಿತವಾಗಿ ತಿಳಿಯಿರಿ. ಯಾವ ಶೆರಿಫ್ ಕಚೇರಿಯೂ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ವಾರಂಟ್ ನಿಜವಾಗಿದ್ದರೆ ಮೊದಲೇ ಫೋನ್ ಮಾಡಿ ಎಚ್ಚರಿಸಿ ಬೆಲೆ ಮಾತಾಡುವುದಿಲ್ಲ.

ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಸಂಗಾತಿ, ಮಕ್ಕಳ ವೀಸಾ), ಗ್ರೀನ್ ಕಾರ್ಡ್‌ನಲ್ಲಿರುವವರು ಒಂದು ವಿಷಯ ನೆನಪಿಡಿ. ಜ್ಯೂರಿಯಲ್ಲಿ ಕೂರುವವರು ಅಮೆರಿಕದ ಪ್ರಜೆಗಳು ಮಾತ್ರ. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಆರಿಸಿಕೊಳ್ಳುವುದರಿಂದ ಅಂಚೆಯಲ್ಲಿ ಸಮನ್ಸ್ ನಿಮಗೂ ಬರಬಹುದು. ಆಗ ‘ಪ್ರಜೆ ಅಲ್ಲ’ ಎಂಬ ಕಡೆ ಗುರುತು ಹಾಕಿ ವಾಪಸ್ ಕಳಿಸಿ. ಕಸದ ಬುಟ್ಟಿಗೆ ಹಾಕಬೇಡಿ.

ಇದರ ಇನ್ನೊಂದು ರೂಪ ಭಾರತದ ಕಾನ್ಸುಲೇಟ್ ಹೆಸರಿನಲ್ಲಿ ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ದೋಷ ಇದೆ, ದಂಡ ಕಟ್ಟಿ ಎನ್ನುತ್ತಾರೆ. ಊರಿನಲ್ಲಿ ಈಗ ‘ಡಿಜಿಟಲ್ ಅರೆಸ್ಟ್’ ಎಂದು ಜನರನ್ನು ಹೆದರಿಸುತ್ತಿರುವುದೂ ಇದೇ ಜಾತಿಯದ್ದು. ದುಡ್ಡು ಹೋಗಿದ್ದರೆ ನಾಚಿಕೆ ಪಟ್ಟು ಮುಚ್ಚಿಡಬೇಡಿ. ಮೊದಲು ಬ್ಯಾಂಕಿಗೆ, ಆಮೇಲೆ ನಿಮ್ಮ ಊರಿನ ಪೊಲೀಸರಿಗೆ ಅಥವಾ ಶೆರಿಫ್‌ಗೆ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಯುವ ಸಾಧ್ಯತೆ ಜಾಸ್ತಿ.

ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತೆ ಎಂದು ಕಳ್ಳರಿಗೆ ಗೊತ್ತಂತೆ. ಹೌದಾ?

ಹೌದು, ಗೊತ್ತು. ದಸರಾ, ದೀಪಾವಳಿ ಹೊತ್ತಿಗೆ ಅಮೆರಿಕದ ಹಲವು ಕಡೆ ಪೊಲೀಸರು ಭಾರತೀಯ ಕುಟುಂಬಗಳಿಗೆಂದೇ ಎಚ್ಚರಿಕೆ ಕೊಡುತ್ತಾರೆ. ಹಬ್ಬಕ್ಕೆ ಲಾಕರಿನಿಂದ ಒಡವೆ ತರುತ್ತೇವೆ, ಸಂಜೆ ಇಡೀ ಮನೆ ಕಾರ್ಯಕ್ರಮಕ್ಕೆ ಹೋಗುತ್ತದೆ. ಕಳ್ಳನಿಗೆ ಅಷ್ಟು ಸಾಕು.

2022ರ ಬೇಸಿಗೆಯಲ್ಲಿ ಈ ಕೌಂಟಿಯಲ್ಲೇ ಸೀರೆ, ಕುಂಕುಮದಲ್ಲಿದ್ದ ಹಿಂದೂ ಹೆಂಗಸರನ್ನೇ ಗುರಿ ಮಾಡಿ ಸರ ಕಿತ್ತುಕೊಂಡ ಸರಣಿ ನಡೆಯಿತು. 14 ಮಂದಿಯ ಮೇಲೆ ನಡೆದ ಈ ದಾಳಿಗಳ ಬಗ್ಗೆ ಡಿಸ್ಟ್ರಿಕ್ಟ್ ಅಟಾರ್ನಿ (ಕೌಂಟಿಯ ಸರ್ಕಾರಿ ವಕೀಲರು) ಕಚೇರಿ ಒಬ್ಬನ ಮೇಲೆ ದ್ವೇಷದ ಅಪರಾಧದ ಆರೋಪವನ್ನೂ ಹೊರಿಸಿತು. ದಾಳಿಗೆ ಒಳಗಾದವರಲ್ಲಿ ಹೆಚ್ಚಿನವರು ವಯಸ್ಸಾದವರು. ಅಷ್ಟು ಪ್ರಕರಣಗಳನ್ನು ಒಂದೇ ದಾರದಲ್ಲಿ ಪೋಣಿಸಲು ಸಾಧ್ಯವಾಗಿದ್ದು ಅವರು ದೂರು ಕೊಟ್ಟಿದ್ದರಿಂದ. ಹೋದ ಸರ ಬರುವುದಿಲ್ಲ, ದೂರು ಯಾಕೆ ಎನ್ನುವವರು ಇದನ್ನು ಯೋಚಿಸಬೇಕು.

ಇನ್ನೊಂದು ಬಗೆ: ಕಾರು ನಿಲ್ಲಿಸಿ ದಾರಿ ಕೇಳುತ್ತಾರೆ. ಅಜ್ಜಿಯನ್ನು ಆಶೀರ್ವಾದ ಮಾಡಿ ಎಂದು ತಬ್ಬಿಕೊಂಡು, ನಕಲಿ ಸರ ಕೊರಳಿಗೆ ಹಾಕಿ ಅಸಲಿ ಬಿಚ್ಚಿಕೊಂಡು ಹೋಗುತ್ತಾರೆ. ಕಾರಿನ ಹತ್ತಿರ ಹೋಗಲೇಬೇಡಿ ಎಂದು ಅಮ್ಮಂದಿರಿಗೆ ಹೇಳಿ.

ಒಡವೆಗಳ ಫೋಟೊ, ತೂಕ, ರಸೀದಿ ಇಟ್ಟುಕೊಳ್ಳಿ. ಮನೆಯ ಇನ್ಶೂರೆನ್ಸ್ ಒಡವೆ ಕಳವಿಗೆ ಕೊಡುವ ಮಿತಿ ಸಾಮಾನ್ಯವಾಗಿ 1,500 ಡಾಲರ್ ಆಸುಪಾಸು. ಜಾಸ್ತಿ ಬೇಕಾದರೆ ಬೇರೆ ಸೇರ್ಪಡೆ ಮಾಡಿಸಬೇಕು. ಬ್ಯಾಂಕ್ ಲಾಕರಿನ ಒಳಗಿನ ವಸ್ತುಗಳಿಗೆ ಬ್ಯಾಂಕ್ ಠೇವಣಿಗಿರುವ ಸರ್ಕಾರಿ ವಿಮೆ ಅನ್ವಯಿಸುವುದಿಲ್ಲ. ಆದರೂ ಬೀರುವಿಗಿಂತ ಲಾಕರ್ ಎಷ್ಟೋ ಮೇಲು.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇವೆ. ಮನೆ ನೋಡಿಕೊಳ್ಳುತ್ತಾರಾ?

ಹಲವು ಶೆರಿಫ್ ಕಚೇರಿಗಳಲ್ಲಿ ರಜೆಯ ಮನೆ ತಪಾಸಣೆ ಎಂಬ ಉಚಿತ ಸೇವೆ ಇದೆ. ಮುಂಚೆ ತಿಳಿಸಿದರೆ ಗಸ್ತಿನವರು ಅಥವಾ ಸ್ವಯಂಸೇವಕರು ಆಗಾಗ ಬಂದು ಬಾಗಿಲು ಕಿಟಕಿ ನೋಡಿ ಹೋಗುತ್ತಾರೆ. ನಿಮ್ಮ ಠಾಣೆಯಲ್ಲಿ ಕೇಳಿ. ಅದಕ್ಕಿಂತ ಮುಖ್ಯ: ವಿಮಾನ ನಿಲ್ದಾಣದ ಫೋಟೊ ತಿರುಗಿ ಬಂದ ಮೇಲೆ ಹಾಕಿ.

ಗಂಡ ಹೊಡೆಯುತ್ತಾನೆ. ವೀಸಾ ಅವನ ಹೆಸರಲ್ಲಿದೆ. ಪೊಲೀಸರನ್ನು ಕರೆದರೆ ನನ್ನನ್ನು ವಾಪಸ್ ಕಳಿಸುತ್ತಾರಾ?

ಇಡೀ ಪುಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ದಯವಿಟ್ಟು ನಿಧಾನವಾಗಿ ಓದಿ, ಬೇಕಾದವರಿಗೆ ಓದಿ ಹೇಳಿ.

911ಗೆ ಮಾಡಿ. ಬಂದ ಡೆಪ್ಯುಟಿ ನಿಮ್ಮ ವೀಸಾ ಸ್ಥಿತಿ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅದು ಕಾನೂನು. ಗಂಡನ ಮುಂದೆ ಮಾತಾಡಲು ಆಗದಿದ್ದರೆ ಬೇರೆಯಾಗಿ ಮಾತಾಡಬೇಕು ಎನ್ನಿ. ಗಂಡನನ್ನೋ ಅತ್ತೆಯನ್ನೋ ದುಭಾಷಿ ಮಾಡಿಕೊಳ್ಳಲು ಬಿಡಬೇಡಿ. ಫೋನಿನ ದುಭಾಷಿ ಕೇಳಿ.

ಅಪಾಯ ಇದೆ ಅನ್ನಿಸಿದರೆ ಡೆಪ್ಯುಟಿ ಅಲ್ಲಿಂದಲೇ, ನಡುರಾತ್ರಿಯಾದರೂ, ನ್ಯಾಯಾಧೀಶರಿಗೆ ಫೋನ್ ಮಾಡಿ ತುರ್ತು ರಕ್ಷಣಾ ಆದೇಶ ಪಡೆಯಬಹುದು. ಅದು ಕೋರ್ಟಿನ 5 ಕೆಲಸದ ದಿನ ಅಥವಾ 7 ದಿನ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆ ಸಮಯದಲ್ಲಿ ನೀವು ಕೋರ್ಟಿಗೆ ಹೋಗಿ ದೀರ್ಘ ಅವಧಿಯ ಆದೇಶ ಕೇಳಬಹುದು. ಅರ್ಜಿಗೆ ಶುಲ್ಕವಿಲ್ಲ. ಆದೇಶವನ್ನು ಗಂಡನಿಗೆ ತಲುಪಿಸುವ ಕೆಲಸವನ್ನೂ ಶೆರಿಫ್ ಕಚೇರಿ ಪುಕ್ಕಟೆ ಮಾಡುತ್ತದೆ.

ಹೊಡೆತ ಮಾತ್ರ ಹಿಂಸೆ ಅಲ್ಲ. ದುಡ್ಡು ಮುಟ್ಟಲು ಬಿಡದಿರುವುದು, ತವರಿನವರ ಜೊತೆ ಮಾತಾಡಲು ಬಿಡದಿರುವುದು, ‘ವೀಸಾ ರದ್ದು ಮಾಡಿಸುತ್ತೇನೆ’ ಎಂದು ಹೆದರಿಸಿ ಹಿಡಿತದಲ್ಲಿಡುವುದು, ಇವನ್ನು ರಕ್ಷಣಾ ಆದೇಶ ಕೇಳಲು ಆಧಾರವೆಂದು 2021ರಿಂದ ರಾಜ್ಯದ ಕೌಟುಂಬಿಕ ಕಾನೂನು ಒಪ್ಪುತ್ತದೆ.

ಇನ್ನು ವೀಸಾ. ಗಂಡ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರನಾಗಿದ್ದರೆ, ಅವನ ನೆರವಿಲ್ಲದೆ ಹೆಂಡತಿ ತಾನೇ ಅರ್ಜಿ ಹಾಕಿಕೊಳ್ಳುವ ದಾರಿ ಇದೆ. ಗಂಡ ಎಚ್-1ಬಿಯಲ್ಲಿದ್ದರೆ ಆ ದಾರಿ ಇಲ್ಲ. ಆದರೆ ಯು ವೀಸಾ ಇದೆ. ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾದವರಿಗೆಂದು 2000ದಲ್ಲಿ ತಂದದ್ದು. ಅದಕ್ಕೆ ತನಿಖೆ ಮಾಡಿದ ಸಂಸ್ಥೆಯ ಪ್ರಮಾಣಪತ್ರ ಬೇಕು. ಶೆರಿಫ್ ಕಚೇರಿ ಅದಕ್ಕೆ ಸಹಿ ಹಾಕಬಲ್ಲದು. ಅಂದರೆ ಪೊಲೀಸ್ ದೂರು ನಿಮ್ಮ ವಿರುದ್ಧ ಹೋಗುವುದಿಲ್ಲ, ನಿಮ್ಮ ಕೈಯಲ್ಲಿರುವ ದಾಖಲೆ ಆಗುತ್ತದೆ. ವರ್ಷಕ್ಕೆ 10,000 ಯು ವೀಸಾಗಳ ಮಿತಿ ಇರುವುದರಿಂದ ಕಾಯುವುದು ವರ್ಷಗಟ್ಟಲೆ. ಹಿಂಸೆಗೊಳಗಾದ ಎಚ್-4 ಸಂಗಾತಿಗಳು ಕೆಲಸದ ಪರವಾನಗಿ ಕೇಳುವ ಅವಕಾಶವೂ ಇದೆ. ವಲಸೆ ವಕೀಲರ ಸಲಹೆ ಬೇಕೇ ಬೇಕು.

ನಮ್ಮ ಕಡೆಯವರ ಮನೆಯ ಒಳಗು ಗೊತ್ತಿರುವವರ ಹತ್ತಿರ ಮಾತಾಡಬೇಕೆನಿಸಿದರೆ ಮೈತ್ರಿ ಇದೆ. ಬೇ ಏರಿಯಾದಲ್ಲಿ 1991ರಿಂದ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ ಕೆಲಸ ಮಾಡುತ್ತಿದೆ. ನಾರಿಕಾ ಎಂಬ ಇನ್ನೊಂದು ಸಂಸ್ಥೆಯೂ ಇದೆ. ದೇಶದ ಸಹಾಯವಾಣಿ 1-800-799-7233, ಹಗಲು ರಾತ್ರಿ. ಗಂಡಸರೂ ಮಾಡಬಹುದು.

‘ನಾಲ್ಕು ಜನ ಏನಂದುಕೊಳ್ಳುತ್ತಾರೆ’ ಎನ್ನುವ ನಾವು ಆ ನಾಲ್ಕು ಜನರೇ ಅಲ್ವಾ? ಪಕ್ಕದ ಮನೆಯಿಂದ ಕೂಗು ಕೇಳಿದರೆ ನಾವೇ ಫೋನ್ ಮಾಡಬೇಕು.

ಹಾಗಾದರೆ ಪೊಲೀಸರು ವಲಸೆ ಇಲಾಖೆಗೆ ಹೇಳುವುದೇ ಇಲ್ಲವಾ?

ಕ್ಯಾಲಿಫೋರ್ನಿಯಾದ ಸ್ಥಳೀಯ ಪೊಲೀಸರು ವಲಸೆ ಕಾನೂನು ಜಾರಿಗೆ ತಮ್ಮ ಸಮಯ, ಹಣ ಬಳಸುವುದಕ್ಕೆ ಬಿಗಿ ಮಿತಿಗಳಿವೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರ ವಿಷಯದಲ್ಲಿ ಕೆಲವು ವಿನಾಯಿತಿಗಳಿವೆ. ವಲಸೆ ಇಲಾಖೆಯವರು ಕೇಂದ್ರದವರು, ಅವರ ಕೆಲಸ ಬೇರೆ. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ನಿಯಮ ಪೂರ್ತಿ ಬೇರೆ. ಅಲ್ಲಿನ ನೆಂಟರಿಗೆ ಈ ಉತ್ತರ ಕಳಿಸಬೇಡಿ. 18 ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂಬುದು ಕೇಂದ್ರದ ಕಾನೂನು. ಗ್ರೀನ್ ಕಾರ್ಡ್ ಅಥವಾ ಐ-94 (ದೇಶದೊಳಗೆ ಬಂದ ದಾಖಲೆ) ಜೊತೆಗಿರಲಿ.

ಮನೆಯವರೊಬ್ಬರು ಜೀವ ಕಳೆದುಕೊಳ್ಳುವ ಮಾತಾಡುತ್ತಿದ್ದಾರೆ. ಪೊಲೀಸರನ್ನು ಕರೆಯಲು ಭಯ.

ಆ ಭಯಕ್ಕೆ ಅರ್ಥವಿದೆ. ಮೊದಲು 988ಗೆ, ಅಂದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿಗೆ ಮಾಡಿ. 2022ರ ಜುಲೈ 16ರಿಂದ ಇಡೀ ದೇಶಕ್ಕೆ ಇದೇ ನಂಬರ್. ಈ ಕೌಂಟಿಯಲ್ಲಿ 988ರ ಮೂಲಕವೇ ಟ್ರಸ್ಟ್ ಎಂಬ ತಂಡವನ್ನು ಮನೆಗೆ ಕರೆಸಬಹುದು. ಅದರಲ್ಲಿ ಪೊಲೀಸರೇ ಇರುವುದಿಲ್ಲ. ಶೆರಿಫ್ ಕಚೇರಿಯಲ್ಲಿ ಡೆಪ್ಯುಟಿ ಜೊತೆ ಮಾನಸಿಕ ಆರೋಗ್ಯ ತಜ್ಞರು ಸೇರಿ ಹೋಗುವ ತಂಡವೂ ಇದೆ.

ಕೈಯಲ್ಲಿ ಆಯುಧವಿದ್ದರೆ, ಆಗಲೇ ಏನಾದರೂ ಮಾಡಿಕೊಂಡಿದ್ದರೆ 911. ಆಗ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ: ಇದು ಮಾನಸಿಕ ಆರೋಗ್ಯದ ವಿಷಯ, ಇಂಥ ಕಾಯಿಲೆ, ಇಂಥ ಔಷಧಿ, ತರಬೇತಿ ಇರುವ ಅಧಿಕಾರಿಯನ್ನು ಕಳಿಸಿ. ಅಪಾಯವಿದೆ ಎಂದು ಕಂಡರೆ ತಪಾಸಣೆಗಾಗಿ 72 ಗಂಟೆಯವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಅದು ಅರೆಸ್ಟ್ ಅಲ್ಲ.

ಇಲ್ಲಿ ಗನ್ ಭಯ ಎಷ್ಟು ನಿಜ?

2021ರ ಮೇ 26ರಂದು ಸ್ಯಾನ್ ಹೋಸೆಯಲ್ಲಿ ವಿಟಿಎ ಎಂಬ ಸ್ಥಳೀಯ ಸಾರಿಗೆ ಸಂಸ್ಥೆಯ ರೈಲು ಡಿಪೋದಲ್ಲಿ ನೌಕರನೊಬ್ಬ ತನ್ನ 9 ಸಹೋದ್ಯೋಗಿಗಳನ್ನು ಕೊಂದ. ಅವರಲ್ಲಿ ಪಂಜಾಬ್ ಮೂಲದವರೂ ಇದ್ದರು. ಶೆರಿಫ್ ಮುಖ್ಯ ಕಚೇರಿ ಪಕ್ಕದಲ್ಲೇ ಇದ್ದುದರಿಂದ ಡೆಪ್ಯುಟಿಗಳು ನಿಮಿಷಗಳಲ್ಲಿ ಒಳಗೆ ಹೋದರು. ಅಷ್ಟು ಹತ್ತಿರವಿದ್ದೂ ಅಷ್ಟು ಜೀವ ಹೋಯಿತು. ಹಾಗಾಗಿ ಮುಂಚೆಯೇ ತಡೆಯುವುದರಲ್ಲಿ ನನಗೆ ನಂಬಿಕೆ ಜಾಸ್ತಿ.

ಗನ್ ಇರುವ ವ್ಯಕ್ತಿ ಬೆದರಿಕೆ ಹಾಕುತ್ತಿದ್ದರೆ, ಅದನ್ನು ತಾತ್ಕಾಲಿಕವಾಗಿ ತೆಗೆದಿಡುವ ಕೋರ್ಟ್ ಆದೇಶ ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಇದೆ. ಮನೆಯವರೇ ಕೇಳಬಹುದು, ಪೊಲೀಸರ ಮೂಲಕವೂ ಕೇಳಬಹುದು. ಇನ್ನೊಂದು ಸಣ್ಣ ಕೆಲಸ: ಮಗು ಯಾರ ಮನೆಗಾದರೂ ಆಡಲು ಹೋಗುವ ಮುಂಚೆ, ‘ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ?’ ಎಂದು ಕೇಳಿ. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಹಾಲು ತರಲು ಎರಡು ನಿಮಿಷ. ಮಗುವನ್ನು ಕಾರಲ್ಲೇ ಬಿಡಬಹುದಾ?

ಬೇಡ. 6 ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಗುವಿನ ಜೊತೆ ಕನಿಷ್ಠ 12 ವರ್ಷದವರು ಇರಬೇಕು. ಎಂಜಿನ್ ಚಾಲೂ ಇದ್ದು ಅಥವಾ ಕೀ ಅಲ್ಲೇ ಇದ್ದು, ಇಲ್ಲವೇ ಬಿಸಿಲಿನಂಥ ಅಪಾಯವಿದ್ದು ಒಂಟಿಯಾಗಿ ಬಿಟ್ಟರೆ ಅಪರಾಧ. ಯಾರಾದರೂ ನೋಡಿದರೆ ಫೋನ್ ಮಾಡುತ್ತಾರೆ, ಮಾಡಬೇಕು ಕೂಡ. ಹಾಗೆಯೇ ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ಟೀಚರ್ ವರದಿ ಮಾಡಲೇಬೇಕು. ಅದು ಅವರ ಕಾನೂನಿನ ಕರ್ತವ್ಯ, ಅವರ ಮೇಲೆ ಸಿಟ್ಟಾಗಬೇಡಿ.

ದೀಪಾವಳಿಗೆ ಪಟಾಕಿ?

ಗಿಲ್ರಾಯ್ ಬಿಟ್ಟರೆ ಈ ಕೌಂಟಿಯಲ್ಲಿ ಎಲ್ಲೂ ಪಟಾಕಿ ಹೊಡೆಯುವಂತಿಲ್ಲ. ಅಲ್ಲೂ ಜುಲೈ 4ರ ಸುತ್ತಮುತ್ತ, ಕೆಲವು ಬಗೆಯವು ಮಾತ್ರ. ಒಣಹುಲ್ಲಿನ ಬೆಟ್ಟದ ಪಕ್ಕ ಬದುಕುತ್ತಿದ್ದೇವೆ. ಹಣತೆ ಹಚ್ಚಿ.

ಕಾಡ್ಗಿಚ್ಚು ಬಂದಾಗ ಶೆರಿಫ್ ಏನು ಮಾಡುತ್ತಾರೆ?

ಬೆಂಕಿ ಆರಿಸುವವರು ಬೇರೆ. ಜನರನ್ನು ಮನೆಯಿಂದ ಹೊರಡಿಸುವುದು, ರಸ್ತೆ ಮುಚ್ಚುವುದು ಶೆರಿಫ್ ಕೆಲಸ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಈ ಕೌಂಟಿಯ ಪೂರ್ವದ ಬೆಟ್ಟಗಳೂ ಸೇರಿ ಸುಮಾರು 4 ಲಕ್ಷ ಎಕರೆ ಸುಟ್ಟಿತು. ‘ಎಚ್ಚರಿಕೆ’ ಬಂದರೆ ಗಂಟುಮೂಟೆ ಸಿದ್ಧ ಮಾಡಿ; ಹಿರಿಯರು, ಚಿಕ್ಕ ಮಕ್ಕಳಿದ್ದರೆ ಆಗಲೇ ಹೊರಡಿ. ‘ಆದೇಶ’ ಬಂದರೆ ಆ ಕ್ಷಣವೇ ಹೊರಡಬೇಕು. ಅಲರ್ಟ್‌ಎಸ್‌ಸಿಸಿ ಎಂಬ ಕೌಂಟಿಯ ಉಚಿತ ಎಚ್ಚರಿಕೆ ಸೇವೆಗೆ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ಐ-797 ಪತ್ರಗಳು (ವಲಸೆ ಅರ್ಜಿಗೆ ಇಲಾಖೆ ಕೊಟ್ಟ ಉತ್ತರ) ಒಂದೇ ಚೀಲದಲ್ಲಿರಲಿ.

ಬೆಟ್ಟ ಹತ್ತಲು ಹೋಗಿ ದಾರಿ ತಪ್ಪಿದವರನ್ನು ಹುಡುಕುವ ತಂಡವೂ ಶೆರಿಫ್‌ದೇ, ಅದರಲ್ಲಿ ಹೆಚ್ಚಿನವರು ಸ್ವಯಂಸೇವಕರು. ದಾರಿ ತಪ್ಪಿದ್ದೇವೆ ಅನ್ನಿಸಿದ ಕೂಡಲೇ, ಬ್ಯಾಟರಿ ಇರುವಾಗಲೇ 911ಗೆ ಮಾಡಿ, ಇದ್ದ ಜಾಗದಲ್ಲೇ ಇರಿ.

ಯಾರಾದರೂ ಅರೆಸ್ಟ್ ಆದರೆ?

ವಿಚಾರಣೆಗೆ ಕಾಯುವವರು, ಚಿಕ್ಕ ಶಿಕ್ಷೆಯವರು ಕೌಂಟಿ ಜೈಲಿನಲ್ಲಿರುತ್ತಾರೆ: ಒಂದು ಸ್ಯಾನ್ ಹೋಸೆಯಲ್ಲಿ, ಇನ್ನೊಂದು ಮಿಲ್ಪಿಟಾಸ್‌ನ ಎಲ್ಮ್‌ವುಡ್. ಹೆಸರು ಹೇಳಿ, ಜಗಳ ಮಾಡಬೇಡಿ, ‘ವಕೀಲರು ಬೇಕು’ ಎಂದು ಹೇಳಿ ಸುಮ್ಮನಿರಿ. ವಿವರಣೆ ಕೊಟ್ಟರೆ ಬಿಡುತ್ತಾರೆ ಎಂಬ ನಂಬಿಕೆ ನಮ್ಮವರನ್ನು ಕೆಡಿಸುತ್ತದೆ. ವಿದೇಶಿ ಪ್ರಜೆಗೆ ತನ್ನ ದೇಶದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ. ಕೇಳಬೇಕು.

ಶೆರಿಫ್ ಕಚೇರಿಯೇ ತಪ್ಪು ಮಾಡಿದರೆ?

ಮಾಡಿದೆ, ಮುಚ್ಚಿಡುವ ಅಗತ್ಯವಿಲ್ಲ. ಲಾರಿ ಸ್ಮಿತ್ 1998ರಲ್ಲಿ ಗೆದ್ದು ಕ್ಯಾಲಿಫೋರ್ನಿಯಾದ ಮೊದಲ ಚುನಾಯಿತ ಮಹಿಳಾ ಶೆರಿಫ್ ಆದರು. ಹೆಮ್ಮೆಯ ಸಂಗತಿಯೇ. ಆದರೆ ಗನ್ ಒಯ್ಯುವ ಪರವಾನಗಿಯನ್ನು ತಮ್ಮ ಬೆಂಬಲಿಗರಿಗೆ ಸುಲಭವಾಗಿ ಕೊಟ್ಟರು, ಜೈಲಿನಲ್ಲಿ ಕೈದಿಯೊಬ್ಬನಿಗಾದ ಗಾಯದ ತನಿಖೆಗೆ ಸಹಕರಿಸಲಿಲ್ಲ ಎಂಬ ಆರೋಪಗಳು ಬಂದವು. 2022ರಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಅವರು ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ಪಾಲೊ ಆಲ್ಟೊ ಪೊಲೀಸ್ ಮುಖ್ಯಸ್ಥರಾಗಿದ್ದ ಬಾಬ್ ಜಾನ್ಸನ್ ಚುನಾವಣೆ ಗೆದ್ದು 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಅದಕ್ಕೂ ಮುಂಚೆ, 2015ರಲ್ಲಿ ಮಾನಸಿಕ ಕಾಯಿಲೆಯಿದ್ದ ಕೈದಿಯೊಬ್ಬ ಜೈಲಿನಲ್ಲಿ ಹೊಡೆತದಿಂದ ಸತ್ತ. ಆ ಸಾವಿನ ನಂತರ ನಡೆದ ಒತ್ತಾಯದಿಂದ ಕೌಂಟಿ ಸ್ವತಂತ್ರ ಮೇಲ್ವಿಚಾರಣಾ ಕಚೇರಿಯನ್ನು ತಂದಿತು.

ನಿಮಗೆ ಅನ್ಯಾಯವಾದರೆ ಶೆರಿಫ್ ಕಚೇರಿಗೂ ಆ ಮೇಲ್ವಿಚಾರಣಾ ಕಚೇರಿಗೂ ದೂರು ಕೊಡಬಹುದು. ಸ್ಥಳದಲ್ಲಿ ವಾದ ಬೇಡ. ದಿನ, ಗಂಟೆ, ಡೆಪ್ಯುಟಿಯ ಹೆಸರು ಬರೆದಿಟ್ಟುಕೊಳ್ಳಿ. ಅಡ್ಡ ಬರದೆ ದೂರದಿಂದ ವಿಡಿಯೊ ಮಾಡುವುದು ನಿಮ್ಮ ಹಕ್ಕು. ಪಕ್ಕದ ಸ್ಯಾನ್ ಮಟೇಯೊ ಕೌಂಟಿಯಲ್ಲಿ 2025ರ ಮಾರ್ಚ್‌ನಲ್ಲಿ ಮತದಾರರು ಶೆರಿಫ್‌ರನ್ನು ತೆಗೆಯುವ ಅಧಿಕಾರವನ್ನೇ ಕೌಂಟಿ ಮಂಡಳಿಗೆ ಕೊಟ್ಟರು. ಪ್ರಜೆಗಳಾದ ಕನ್ನಡಿಗರು ಮತಪತ್ರದ ಮೇಲ್ಭಾಗ ಮಾತ್ರ ತುಂಬಿ ಕಳಿಸುವುದನ್ನು ಬಿಡಬೇಕು. ಶೆರಿಫ್ ಹೆಸರು ಕೆಳಗೆ ಇರುತ್ತದೆ.

ನಾವು ಏನಾದರೂ ಮಾಡಬಹುದಾ?

ರಾಷ್ಟ್ರೀಯ ಶೆರಿಫ್‌ಗಳ ಸಂಘ 1972ರಲ್ಲಿ ಶುರು ಮಾಡಿದ ನೆರೆಹೊರೆ ಕಾವಲು ಯೋಜನೆ ಈಗಲೂ ನಡೆಯುತ್ತಿದೆ. ಬೀದಿಯವರು ಸೇರಿ ಶೆರಿಫ್ ಕಚೇರಿಗೆ ಹೇಳಿದರೆ ಡೆಪ್ಯುಟಿ ಬಂದು ಮಾತಾಡುತ್ತಾರೆ. ಕಾವಲು ಅಂದರೆ ನೋಡಿ ತಿಳಿಸುವುದು ಮಾತ್ರ, ಯಾರನ್ನೂ ಬೆನ್ನಟ್ಟುವುದಲ್ಲ. ಬಣ್ಣ, ಬಟ್ಟೆ ನೋಡಿ ಅನುಮಾನ ಪಡಬೇಡಿ; ಆ ಅನುಮಾನ ಏನು ಮಾಡುತ್ತದೆಂದು ಅಲಬಾಮಾದಲ್ಲಿ ನೋಡಿದ್ದೇವೆ. ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡಿ ಹೇಳಿ.

ಆಗಸ್ಟ್ ಮೊದಲ ಮಂಗಳವಾರ ಸಂಜೆ ನ್ಯಾಷನಲ್ ನೈಟ್ ಔಟ್ ನಡೆಯುತ್ತದೆ. ಊಟ ತಿಂಡಿ ಹಂಚಿಕೊಂಡು ಡೆಪ್ಯುಟಿಗಳ ಜೊತೆ ಮಾತಾಡಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ.

ನನ್ನ ಮಗಳಿಗೆ ಡೆಪ್ಯುಟಿ ಆಗುವ ಆಸೆ. ಪ್ರಜೆ ಆಗಿರಲೇಬೇಕಾ?

ಬೇಕಿಲ್ಲ. 2023ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುವ ಅವಕಾಶವಿದ್ದರೆ ಅರ್ಜಿ ಹಾಕಬಹುದು. ವಯಸ್ಸು 21 ಆಗಿರಬೇಕು. ದೈಹಿಕ ಪರೀಕ್ಷೆ, ಹಿನ್ನೆಲೆ ತನಿಖೆ, ಅಕಾಡೆಮಿ ತರಬೇತಿ ಎಲ್ಲ ಇವೆ. ಕನ್ನಡ ಬರುವ ಡೆಪ್ಯುಟಿ ಒಬ್ಬರಿದ್ದರೆ ಎಷ್ಟೋ ಅಮ್ಮಂದಿರು ಧೈರ್ಯವಾಗಿ ಫೋನ್ ಮಾಡುತ್ತಾರೆ. ಕಳಿಸಿ.